ನಾಲ್ಕೂವರೆ ಬಸ್ಸಿನ ಟೈಮಣ್ಣ

ಟೈಂ ಕೀಪರ್ ಅಂದಮೇಲೆ ಕೈಯಲ್ಲೊಂದು ಗಡಿಯಾರ ಇರಬೇಕೋ ಬೇಡವೋ, ನೀವೇ ಹೇಳಿ. ಇವರಿಗೆ ಇರಲಿಲ್ಲ. ಕೆಜಿಎಫ್ ಮಾರ್ಕೆಟ್ಟಿನ ಪಕ್ಕದ ಬಸ್ ಸ್ಟ್ಯಾಂಡಿನಲ್ಲಿ, ತಗಡಿನ ಸೂರಿನ ಕೆಳಗೆ ಒಂದು ಮೇಜು ಹಾಕಿಕೊಂಡು, ಯಾವ ಬಸ್ಸು ಯಾವಾಗ ಹೊರಡಬೇಕೆಂದು ಸೀಟಿ ಊದುವುದು ಅವರ ಕೆಲಸ. ಗಣಿಯ ಸೈರನ್ ಕೂಗಿದಾಗ ಗಂಟೆ ಎಷ್ಟೆಂದು ಊರಿಗೆಲ್ಲ ಗೊತ್ತಾಗುವ ಹಾಗೆ ಅವರಿಗೂ ಗೊತ್ತಾಗುತ್ತಿತ್ತು. ಒಂದು ಕೂಗಿಗೂ ಇನ್ನೊಂದು ಕೂಗಿಗೂ ನಡುವೆ ಮಾತ್ರ ದಾರಿಯಲ್ಲಿ ಹೋಗುವವರ ಮಣಿಕಟ್ಟೇ ಗತಿ.

ನಾನು ಅವರ ಕಣ್ಣಿಗೆ ಬಿದ್ದದ್ದೂ ಅದಕ್ಕೇ. ತೀರಿಹೋದ ನಮ್ಮಪ್ಪನ ದೊಡ್ಡ ಗಡಿಯಾರವನ್ನು ನಾನು ಕಟ್ಟಿಕೊಳ್ಳುತ್ತಿದ್ದೆ. ಕೈ ಎತ್ತಿದರೆ ಅದು ಜಾರಿ ಮೊಣಕೈತನಕ ಹೋಗುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನ ಕೊಡೆ, ಕೈಚೀಲ, ಬುತ್ತಿ ಎಲ್ಲ ಹಿಡಿದು ನಿಂತಿದ್ದೆ. ಮೇಜಿನ ಹಿಂದಿನಿಂದ ಒಂದು ಗೊಗ್ಗರು ದನಿ ಬಂತು.

“ಟೀಚರಮ್ಮಾ, ಟೈಮೆಷ್ಟಾಗೈತೆ?”

“ಟೈಂ ಕೀಪರ್ ನೀವೋ ನಾನೋ?” ಅಂದುಬಿಟ್ಟೆ. ಆಗ ನನ್ನ ಬಾಯಿ ಜೋರು. ಈಗೇನು ಮೆತ್ತಗಾಗಿಲ್ಲ, ಕೇಳುವವರು ಕಡಿಮೆಯಾಗಿದ್ದಾರೆ ಅಷ್ಟೆ.

ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. “ಟೈಮು ಬಸ್ಸಿನ ಸಾವ್ಕಾರ್ರದು ಕಣಮ್ಮಾ. ನಾನು ಕೀಪರ್ ಮಾತ್ರ,” ಅಂದರು. ಎಂಟೂ ಐವತ್ತೆರಡು ಎಂದು ಹೇಳಿದೆ. “ಇನ್ನೆಂಟು ನಿಮ್ಸ,” ಎಂದು ಬೆರಳು ಮಡಿಚಿದರು. ಸರಿಯಾಗಿ ಒಂಬತ್ತಕ್ಕೆ ಸೀಟಿ ಊದಿದರು. ಬಸ್ಸಿನಲ್ಲಿ ನಾನು, ಡ್ರೈವರು, ಕಂಡಕ್ಟರು, ಒಂದು ಮೂಟೆ ಬೆಲ್ಲ, ಇನ್ನು ನಾಲ್ಕು ಜನ. ಬಾಕಿ ಸೀಟೆಲ್ಲ ಖಾಲಿ.

ಐವತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ನಾವು ಬಂಗಾರಪೇಟೆಯವರು. ಅಪ್ಪ ರೈಲ್ವೆಯಲ್ಲಿದ್ದರು, ಹೋದರು. ಉಳಿದವರು ಅಮ್ಮ, ನಾನು. ನನಗೆ ಕ್ಯಾಸಂಬಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಮೇಡಂ ಕೆಲಸ ಸಿಕ್ಕಿತು. ಮದುವೆಯಾಗದ ಹುಡುಗಿಯನ್ನು ಹೊರಗೆ ಕಳಿಸಲು ಅಮ್ಮ ಒಪ್ಪಿದ್ದು ಒಂದೇ ಕರಾರಿನ ಮೇಲೆ: ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ಬೆಳಗ್ಗೆ ಬಂಗಾರಪೇಟೆಯಿಂದ ರೈಲಿನಲ್ಲಿ ಕೆಜಿಎಫ್, ಅಲ್ಲಿಂದ ಒಂಬತ್ತರ ಬಸ್ಸಿನಲ್ಲಿ ಕ್ಯಾಸಂಬಳ್ಳಿ. ಸಂಜೆ ಕ್ಯಾಸಂಬಳ್ಳಿಯಿಂದ ನಾಲ್ಕೂವರೆ ಬಸ್ಸು ಹತ್ತಿದರೆ ರೈಲು ಸಿಗುತ್ತಿತ್ತು, ಅಮ್ಮ ಬತ್ತಿ ಹೊಸೆಯುವ ಹೊತ್ತಿಗೆ ಮನೆ. ಆ ನಾಲ್ಕೂವರೆ ಬಸ್ಸಿನ ಮೇಲೆ ನನ್ನ ಕೆಲಸ ನಿಂತಿತ್ತು. ಬಸ್ಸಿಲ್ಲ ಅಂದರೆ ಕೆಲಸವಿಲ್ಲ. ಕೆಲಸವಿಲ್ಲ ಅಂದರೆ ಸೋದರಮಾವ ತರುವ ಯಾವುದೋ ಎರಡನೇ ಸಂಬಂಧಕ್ಕೆ ಕೊರಳು ಕೊಡಬೇಕು.

ಹಳ್ಳಿಯವರು ಅವರನ್ನು ಟೈಮಣ್ಣ ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ. ನಿಜವಾದ ಹೆಸರು ನನಗೆ ಗೊತ್ತಿದೆ, ಆದರೆ ಬರೆಯುವುದಿಲ್ಲ. ಆ ಹೆಸರಿನಿಂದ ಅವರನ್ನು ಕರೆಯುವವರು ಆಗಲೇ ಯಾರೂ ಇರಲಿಲ್ಲ.

ಅವರು ಮೊದಲು ಮೈಸೂರು ಮೈನ್ಸಿನಲ್ಲಿ ಕೆಲಸ ಮಾಡಿದವರು. ಒಳಗೆ ಕಲ್ಲು ಕೊರೆದು ಎದೆಗೆ ದೂಳು ಕೂತಮೇಲೆ, ಮೇಲೆ ಗಣಿಯ ಬಾಯಲ್ಲಿ ನಿಲ್ಲಿಸಿ ಕೇಜಿಗೆ ಗಂಟೆ ಹೊಡೆಯುವ ಕೆಲಸ ಕೊಟ್ಟರಂತೆ. ಕೇಜು ಅಂದರೆ ಆಳುಗಳನ್ನು ಇಳಿಸಿ ಹತ್ತಿಸುವ ಕಬ್ಬಿಣದ ಗೂಡು. ಕೆಮ್ಮು ಜಾಸ್ತಿಯಾಗಿ ಅದನ್ನೂ ಬಿಟ್ಟರು. ಮನೆಮಾತು ತಮಿಳು, ಹೆಂಡತಿಯ ಕಡೆಯಿಂದ ತೆಲುಗು, ಬಸ್ಸಿನ ಜನರಿಂದ ಕನ್ನಡ. ಮೂರೂ ಒಂದೇ ತಟ್ಟೆಯಲ್ಲಿ ಕಲಸಿಕೊಂಡು ಮಾತಾಡುತ್ತಿದ್ದರು. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ಮಕ್ಕಳಿಲ್ಲ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದೇ ಒಂದು ಕೋಣೆ.

ಭಾನುವಾರ ಅವರಿಗೆ ರಜ. ಆದರೂ ಬಂದು ಸ್ಟ್ಯಾಂಡಿನಲ್ಲೇ ಕೂತಿರುತ್ತಿದ್ದರು. ಮೇಜಿನ ಹಿಂದೆ ಅಲ್ಲ, ಜನ ಕೂರುವ ಕಲ್ಲಿನ ಮೇಲೆ. ಒಂದು ಸಲ ಅಮ್ಮನ ಔಷಧಿಗೆಂದು ಭಾನುವಾರ ಕೆಜಿಎಫ್‌ಗೆ ಹೋದವಳು ಕಂಡು, “ಏನಣ್ಣಾ, ಇವತ್ತಾದರೂ ಮನೆಯಲ್ಲಿ ಕಾಲು ಚಾಚಿ ಮಲಗಬಾರದಾ?” ಅಂದೆ.

“ಮನೇಲಿ ಯಾರೂ ನನ್ನ ಟೈಮ್ ಕೇಳಲ್ಲ ಟೀಚರಮ್ಮಾ,” ಅಂದರು.

ನಾನು ಏನೋ ತಮಾಷೆ ಮಾಡಬೇಕೆಂದಿದ್ದೆ. ಬಿಟ್ಟು, ಅವರ ಪಕ್ಕ ಕಲ್ಲಿನ ಮೇಲೆ ಕೂತೆ.

ಒಂದು ವಿಷಯದಲ್ಲಿ ಅವರದು ಕಲ್ಲಿನ ಹಟ. ಬಸ್ಸನ್ನು ಯಾರಿಗೋಸ್ಕರವೂ ನಿಲ್ಲಿಸುತ್ತಿರಲಿಲ್ಲ. ನಮ್ಮ ಕಡೆ ಆಗಿನ ಪದ್ಧತಿ ಹೇಗಿತ್ತೆಂದರೆ, ಬಸ್ಸು ತುಂಬಿದಮೇಲೆ ಹೊರಡುವುದು. ತುಂಬಿದಮೇಲೂ “ನಮ್ಮತ್ತೆ ಬತ್ತಾವ್ಳೆ, ವಸಿ ತಡಿಯಣ್ಣೋ” ಅಂದರೆ ತಡೆಯುವುದು. ಅತ್ತೆ ಬರುವಷ್ಟರಲ್ಲಿ ಸೊಸೆ ಇಳಿದು ಬಾಳೆಹಣ್ಣು ತರಲು ಹೋಗಿರುತ್ತಿದ್ದಳು. ಟೈಮಣ್ಣ ಇದನ್ನೆಲ್ಲ ಕೇಳುವವರೇ ಅಲ್ಲ. ಒಬ್ಬ ರೈತ ಸೀಟಿ ಊದಿದ ಕೂಡಲೇ ಜಗಳಕ್ಕೆ ಬಂದ. “ಏನಣ್ಣಾ, ಒಂದ್ ನಿಮ್ಸ ನಿಲ್ಸಿದ್ರೆ ನಿಮ್ಮಪ್ಪನ ಗಂಟೇನಾರಾ ಓಯ್ತದಾ?”

“ನಿನ್ನ ಅತ್ತೆಗೆ ನಿಲ್ಸಿದ್ರೆ ದಾರೀಲಿ ಬೇರೆಯವ್ರ ಅತ್ತೆ ನಿಂತವ್ಳಲ್ಲಪ್ಪಾ ಬಿಸಿಲಲ್ಲಿ,” ಅಂದರು. “ಅವ್ಳೇನ್ ತಿಳ್ಕೋಬೇಕು? ಬಸ್ಸು ಬತ್ತದೋ ಇಲ್ಲವೋ ಅಂತ ನಡೆಯಾಕೆ ಸುರು ಮಾಡ್ತಾಳೆ. ನಾಳಿಂದ ಬಸ್ಸಿಗೇ ಬರಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಒಂದೇ ಬಸ್ಸು ಇರೋದ್ರಿಂದ ತಾನೇ ನಿಲ್ಲಿಸು ಅಂತಾನೆ? ಗಂಟೆಗೊಂದು ಇದ್ರೆ ಅವ್ನೇ ‘ಓಗು, ಮುಂದಿಂದಕ್ಕೆ ಬತ್ತೀನಿ’ ಅಂತಾನೆ,” ಅಂದರು.

ಗಣಿಯ ಕೇಜಿನಿಂದ ಕಲಿತ ಮಾತು ಅದು. ಶಿಫ್ಟು ಬಿಟ್ಟಾಗ ಕೇಜು ಹತ್ತು ನಿಮಿಷಕ್ಕೊಂದು ಸಲ ಮೇಲೆ ಬಂದರೆ ಆಳುಗಳು ಬೀಡಿ ವಿಚಾರ ಮಾತಾಡಿಕೊಂಡು ಸಾಲಾಗಿ ನಿಲ್ಲುತ್ತಾರಂತೆ. ಕೇಜು ಕೆಟ್ಟು ಇನ್ನೊಂದೇ ಸಲ ಬರುತ್ತದೆ ಅಂದರೆ ಅದೇ ಆಳುಗಳು ಒಬ್ಬರನ್ನೊಬ್ಬರು ತುಳಿಯುತ್ತಾರಂತೆ. “ಜನ ಕೆಟ್ಟೋರಲ್ಲಮ್ಮಾ. ಕೇಜು ಕಮ್ಮಿ ಆದ್ರೆ ಕೆಟ್ಟೋರಾಗ್ತಾರೆ.” ಇಷ್ಟು ಹೇಳುವಷ್ಟರಲ್ಲಿ ಕೆಮ್ಮು ಬರುತ್ತಿತ್ತು. ಕೆಮ್ಮು ನಿಲ್ಲುವತನಕ ಬೆರಳೆತ್ತಿ, ಮಾತು ಇನ್ನೂ ಮುಗಿದಿಲ್ಲ ಎಂದು ಸನ್ನೆ ಮಾಡುತ್ತಿದ್ದರು.

ಅವರ ಹತ್ತಿರ ಒಂದು ಉದ್ದನೆಯ ಪುಸ್ತಕ ಇತ್ತು. ಅದರಲ್ಲಿ ಅಕ್ಷರವಿಲ್ಲ, ಬರೀ ಪೆನ್ಸಿಲಿನ ಚುಕ್ಕೆ. ಏನಣ್ಣಾ ಇದು, ರಂಗೋಲಿ ಕಲಿಯುತ್ತಿದ್ದೀರಾ ಎಂದು ಛೇಡಿಸಿದೆ. ಅವತ್ತು ಅರ್ಧ ದಿನದ ಸ್ಕೂಲು, ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಒಬ್ಬಳು ಹೆಂಗಸು ಕಂಕುಳಲ್ಲಿ ಮಗು ಎತ್ತಿಕೊಂಡು ಬಂದು, “ಕ್ಯಾಸಂಬಳ್ಳಿಗೆ ಬಸ್ಸು ಯಾವಾಗಣ್ಣಾ?” ಅಂದಳು. “ಮೂರೂವರೆಗೆ,” ಅಂದರು. ನನ್ನ ನಾಲ್ಕೂವರೆಯಾಗಿ ತಿರುಗಿಬರುವ ಬಸ್ಸದು. ಆಗಿನ್ನೂ ಎರಡೂ ಆಗಿರಲಿಲ್ಲ. ಅವಳು ಬಿಸಿಲನ್ನು ನೋಡಿದಳು, ಮಗುವನ್ನು ನೋಡಿದಳು, ಸೆರಗು ತಲೆಗೆ ಹೊದ್ದು ನಡೆಯುತ್ತ ಹೊರಟಳು. ಟೈಮಣ್ಣ ಒಂದು ಚುಕ್ಕೆ ಇಟ್ಟರು.

“ಟಿಕೀಟು ತಗೊಂಡೋರ ಲೆಕ್ಕ ಕಂಡಕ್ಟ್ರು ಇಡ್ತಾನೆ. ಇದು ಕೇಳ್ಕೊಂಡೋದೋರ ಲೆಕ್ಕ,” ಅಂದರು. “ಇವ್ರನ್ನ ಯಾರೂ ಎಣಿಸಲ್ಲಮ್ಮಾ. ಬಸ್ಸಲ್ಲಿಲ್ಲ, ಅದಕ್ಕೆ ಜನಾನೇ ಇಲ್ಲ ಅಂತಾರೆ. ಎಲ್ಲೋದ್ರು? ರೋಡಲ್ಲವ್ರೆ, ನಡ್ಕೊಂಡು ಓಗ್ತಾವ್ರೆ.”

ಪುಸ್ತಕ ತಿರುವಿ ನೋಡಿದೆ. ಬಸ್ಸು ಹತ್ತಿದವರಿಗಿಂತ ಚುಕ್ಕೆಗಳೇ ಜಾಸ್ತಿ. ಅಷ್ಟು ದಿನ ಖಾಲಿ ಸೀಟು ನೋಡಿ, ಈ ಕ್ಯಾಸಂಬಳ್ಳಿಯವರು ಊರು ಬಿಟ್ಟು ಅಲುಗಾಡದ ಜನ ಎಂದು ಆಡಿಕೊಂಡಿದ್ದೆ. ನಾಚಿಕೆಯಾಯಿತು.

ಹೀಗೆ ಒಂದು ವರ್ಷ ಕಳೆದಿರಬೇಕು. ಬಸ್ಸಿನ ಸಾಹುಕಾರರು ಒಂದು ದಿನ ಹೇಳಿಕಳಿಸಿದರು: ಕ್ಯಾಸಂಬಳ್ಳಿಗೆ ದಿನಕ್ಕೆ ಮೂರು ಸಲ ಖಾಲಿ ಬಸ್ಸು ಓಡಿಸುವುದು ಇನ್ನು ಸಾಕು. ಸಂಜೆ ಆರಕ್ಕೆ ಒಂದು ಹೋಗಿ ಅಲ್ಲೇ ಹಾಲ್ಟು, ಬೆಳಗ್ಗೆ ಏಳಕ್ಕೆ ವಾಪಸ್ಸು. ಮುಗಿಯಿತು. ಒಂಬತ್ತರದು, ಒಂದರದು, ನನ್ನ ನಾಲ್ಕೂವರೆ, ಎಲ್ಲ ರದ್ದು.

ನಾನು ಅಲ್ಲೇ ಗೋಳಾಡತೊಡಗಿದೆ. ಟೈಮಣ್ಣ ಮಾತ್ರ ಕೂತಲ್ಲೇ ಕೂತು ಯೋಚನೆ ಮಾಡಿದರು. ಆಮೇಲೆ, “ನನಗೆ ಕನ್ನಡ ಬರೆಯಾಕೆ ಬರಲ್ಲ. ನೀವು ಒಂದು ಅರ್ಜಿ ಬರೀರಿ,” ಅಂದರು.

ಬರೆದೆ. ಘನವೆತ್ತ ಸಾಹುಕಾರರ ದಿವ್ಯ ಸನ್ನಿಧಾನಕ್ಕೆ ಎಂದು ಶುರು ಮಾಡಿ ಓದಿ ಹೇಳಿದರೆ, “ಇಷ್ಟೊಂದು ಸಕ್ಕರೆ ಆಕಬೇಡಿ, ಇರುವೆ ಮುತ್ತುತ್ತವೆ,” ಅಂದರು. ಕೊನೆಗೆ ಅವರು ಹೇಳಿದ್ದನ್ನೇ ಬರೆದೆ. ‘ಜನ ಇಲ್ಲವೆಂದು ತಾವು ಬಸ್ಸು ಕಡಿಮೆ ಮಾಡುತ್ತೀರಿ. ಬಸ್ಸು ಕಡಿಮೆಯೆಂದು ಜನ ಬರುವುದಿಲ್ಲ. ಇಬ್ಬರಲ್ಲಿ ಯಾರಾದರೂ ಒಬ್ಬರು ಮೊದಲು ಹೆಜ್ಜೆ ಇಡಬೇಕು. ಜನದ ಹತ್ತಿರ ಬಸ್ಸಿಲ್ಲ, ತಮ್ಮ ಹತ್ತಿರ ಇದೆ. ಗಂಟೆಗೊಂದು ಬಿಟ್ಟು ನೋಡಿ.’ ಪುಸ್ತಕವನ್ನೂ ಜೊತೆಗೆ ತೆಗೆದುಕೊಂಡು ಹೋದರು.

ಸಾಹುಕಾರರು ಕೆಟ್ಟ ಮನುಷ್ಯರೇನೂ ಅಲ್ಲ. ಚುಕ್ಕೆ ನೋಡಿ ನಕ್ಕರಂತೆ. “ಏಮಯ್ಯಾ, ಬಸ್ಸು ಹತ್ತದೇ ಇರೋರನ್ನ ತೋರಿಸಿ ಬಸ್ಸು ಕೇಳ್ತೀಯಾ?” ಆದರೂ ಏನನ್ನಿಸಿತೋ. ಮದುವೆ ದಿಬ್ಬಣಕ್ಕೆ ಬಾಡಿಗೆ ಹೋಗುವ ಹಳೇ ಬಸ್ಸೊಂದು ಆಷಾಢ ಬಂದು ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು. “ಒಂದು ಆಷಾಢ ಓಡಿಸಿ ನೋಡು. ಶ್ರಾವಣಕ್ಕೆ ನನ್ನ ಬಸ್ಸು ನನಗೆ ಬೇಕು. ಜನ ಬಂದರೆ ಮುಂದೆ ಯೋಚಿಸೋಣ,” ಅಂದರು.

ಕೊಟ್ಟದ್ದು ಆಷಾಢ. ಮದುವೆ ಇಲ್ಲ, ಮುಂಜಿ ಇಲ್ಲ, ಗಾಳಿ ಒಂದೇ ಓಡಾಡುವ ತಿಂಗಳು. ಆದರೂ ಟೈಮಣ್ಣನಿಗೆ ಹಬ್ಬ. ಅವತ್ತಿಂದ, ಹಳೇ ಮೂರು ಹೊತ್ತು ಹಾಗೇ ಇಟ್ಟುಕೊಂಡು, ಬೆಳಗ್ಗೆ ಒಂಬತ್ತರಿಂದ ಸಂಜೆಯತನಕ ಹೆಚ್ಚುಕಡಿಮೆ ಗಂಟೆಗೊಂದು ಬಸ್ಸು. ಹೋಗಿಬರುವ ಹೊತ್ತು ಹೊಂದಿಸಲು ನನ್ನ ಗಡಿಯಾರ ಮೂರು ದಿನ ಅವರ ಮೇಜಿನ ಮೇಲೇ ಇತ್ತು.

ಮೊದಲ ವಾರ ಬಸ್ಸಿನಲ್ಲಿ ನೊಣವೂ ಇಲ್ಲ. ಕಾಫಿ ಅಂಗಡಿಯವನು ‘ಗಾಳಿ ಸರ್ವೀಸು’ ಎಂದು ಹೆಸರಿಟ್ಟ. ಜನಕ್ಕೆ ಗೊತ್ತಿರಲಿಲ್ಲ ಅಂತಲ್ಲ, ನಂಬಿಕೆ ಇರಲಿಲ್ಲ. ಕ್ಯಾಸಂಬಳ್ಳಿಯಲ್ಲಿ ಒಬ್ಬ ಅಜ್ಜ, “ಇವತ್ತು ಬಿಡ್ತಾರೆ, ನಾಳೆ ನಿಲ್ಲಿಸ್ತಾರೆ. ಓದೋನು ಎಂಗ್ಲಾ ವಾಪಸ್ ಬರೋದು?” ಅಂದ. ನ್ಯಾಯವೇ. ಹೋಗುವ ಬಸ್ಸು ಮಾತ್ರ ಕಂಡರೆ ಸಾಲದು, ಬರುವ ಬಸ್ಸಿನ ಮೇಲೂ ಭರವಸೆ ಬೇಕು. ಎರಡನೇ ವಾರವೂ ಹಳೇ ಮೂರು ಹೊತ್ತಿಗೇ ನಾಲ್ಕೈದು ಜನ ಹೆಚ್ಚು ಬಂದರು ಅಷ್ಟೆ.

ಮೂರನೇ ವಾರ ಶುರುವಾಯಿತು ನೋಡಿ. ಸೊಪ್ಪು ಮಾರುವ ಹೆಂಗಸರು ಬೆಳಗ್ಗೆ ಒಂದು ಹೊರೆ ಮಾರಿ, ಮನೆಗೆ ಹೋಗಿ ಉಂಡು, ಮಧ್ಯಾಹ್ನ ಇನ್ನೊಂದು ಹೊರೆ ತಂದರು. ಆಸ್ಪತ್ರೆಗೆ ಹೋಗಲು ಎರಡು ದಿನದ ಬುತ್ತಿ ಕಟ್ಟುತ್ತಿದ್ದ ಮುದುಕಿ ಊಟದ ಹೊತ್ತಿಗೆ ವಾಪಸ್ಸು ಬಂದು ತನ್ನ ಕಣ್ಣನ್ನೇ ನಂಬಲಿಲ್ಲ. ಒಬ್ಬನಂತೂ ಮಾರ್ಕೆಟ್ಟಿನಲ್ಲಿ ಟವೆಲ್ಲು ಮರೆತು ಬಂದವನು, ಅದನ್ನು ತರಲೆಂದೇ ಮುಂದಿನ ಬಸ್ಸು ಹತ್ತಿ ಹೋದ. ಇದನ್ನು ಹೇಳಿದಾಗ ಟೈಮಣ್ಣ ಕುರ್ಚಿಯಿಂದ ಎದ್ದೇಬಿಟ್ಟರು.

“ಟವೆಲ್ಲಿಗೆ! ನೋಡಿದ್ರಾ ಟೀಚರಮ್ಮಾ, ಟವೆಲ್ಲಿಗೆ ಬಸ್ಸು ಅತ್ತಿದ! ಮದ್ವೆಗೆ ಸಾವಿಗೆ ಎಲ್ರೂ ಅತ್ತುತ್ತಾರೆ. ಟವೆಲ್ಲಿಗೆ ಅತ್ತಿದ್ರೆ ಅದು ಬಸ್ಸು!”

ಆದರೆ ಒಂದೊಂದೇ ಬಸ್ಸನ್ನು ನೋಡಿದರೆ ಅರ್ಧವೂ ತುಂಬಿರುತ್ತಿರಲಿಲ್ಲ. ಹದಿನೈದು ಜನ, ಹದಿನೆಂಟು ಜನ. ದಿನವೆಲ್ಲ ಕೂಡಿಸಿದರೆ ಮೊದಲಿಗಿಂತ ಎಷ್ಟೋ ಪಟ್ಟು. “ಸಾವ್ಕಾರ್ರಿಗೆ ಯೋಳಿವ್ನಿ, ಬಸ್ಸು ನೋಡಬೇಡಿ, ದಿನ ನೋಡಿ ಅಂತ,” ಅಂದರು. ಸಾಹುಕಾರರು ಕಣ್ಣಾರೆ ನೋಡಿಯೇ ತೀರ್ಮಾನ ಮಾಡುತ್ತೇನೆ ಅಂದರಂತೆ. ಆಷಾಢದ ಕೊನೇ ಶುಕ್ರವಾರ ಮೂರೂವರೆ ಬಸ್ಸಿನಲ್ಲಿ ಕ್ಯಾಸಂಬಳ್ಳಿಗೆ ಹೋಗಿ ನಾಲ್ಕೂವರೆಗೆ ಅದರಲ್ಲೇ ಬರುತ್ತೇನೆ, ಎಂದು ಹೇಳಿದರು.

ಇಲ್ಲಿಂದ ಮುಂದಿನದು ನನ್ನ ಪಾಪ.

ನಾಲ್ಕೂವರೆ ಬಸ್ಸೇ ಬೇಕಿತ್ತೇ ಅವರಿಗೆ! ಆ ಬಸ್ಸಿನಲ್ಲಿ ಯಾವತ್ತೂ ಹತ್ತು ಹನ್ನೆರಡು ಜನ ಮೀರುತ್ತಿರಲಿಲ್ಲ. ಸಾಹುಕಾರರು ಖಾಲಿ ಸೀಟು ನೋಡುತ್ತಾರೆ, ನನ್ನ ಕೆಲಸ ಹೋಗುತ್ತದೆ, ಸೋದರಮಾವ ಬರುತ್ತಾನೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಗುರುವಾರ ತರಗತಿಯಲ್ಲಿ ಮಕ್ಕಳಿಗೆ ಗಿಣಿಗೆ ಹೇಳಿದ ಹಾಗೆ ಹೇಳಿದೆ. “ನಾಳೆ ಸಾಹುಕಾರರು ಬರುತ್ತಾರೆ. ನಾಲ್ಕೂವರೆ ಬಸ್ಸು ಖಾಲಿ ಇದ್ದರೆ ಬಸ್ಸು ನಿಂತುಹೋಗುತ್ತೆ, ಟೈಮಣ್ಣನ ಮಾನ ಹೋಗುತ್ತೆ. ಮನೆಯಲ್ಲಿ ಎಲ್ಲರಿಗೂ ಹೇಳಿ, ಆ ಬಸ್ಸಿಗೆ ಬರಲಿ.” ಟೈಮಣ್ಣನಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಬೇಡವೆನ್ನುತ್ತಿದ್ದರು, ಯಾಕೆ ಬೇಡ ಎಂದೂ ತಿಳಿಸುತ್ತಿದ್ದರು. ಕೇಳುವ ತಾಳ್ಮೆ ನನಗಿರಲಿಲ್ಲ.

ಶುಕ್ರವಾರ ಸ್ಕೂಲು ಬಿಟ್ಟು ಬಸ್ಸು ನಿಲ್ಲುವ ಮರದ ಹತ್ತಿರ ಬಂದರೆ, ಅಯ್ಯೋ ದೇವರೇ, ಊರಿಗೆ ಊರೇ ನಿಂತಿದೆ! ಎಪ್ಪತ್ತು ಎಂಬತ್ತು ಜನ. ಹೆಂಗಸರು ಎಣ್ಣೆ ಹಚ್ಚಿ ತಲೆ ಬಾಚಿ ಹೂ ಮುಡಿದು ಬಂದಿದ್ದರು. ಅಕ್ಕಪಕ್ಕದ ಹಳ್ಳಿಯವರೂ ಇದ್ದರು. ಬಸ್ಸು ಬಂತು. ಮುಂದಿನ ಸೀಟಿನಿಂದ ಸಾಹುಕಾರರು ಇಳಿದರು, ಅವರ ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಟೈಮಣ್ಣ. ಅವರನ್ನು ಸ್ಟ್ಯಾಂಡು ಬಿಟ್ಟು ಬೇರೆ ಕಡೆ ನಾನು ಕಂಡದ್ದು ಅದೇ ಮೊದಲು. ಜನ “ಟೈಮಣ್ಣಾ! ಟೈಮಣ್ಣಾ!” ಎಂದು ಮುತ್ತಿಕೊಂಡರು. ಒಬ್ಬ ಅಜ್ಜಿ ಒಂದು ದಪ್ಪ ಸೋರೆಕಾಯಿ ತಂದು ಅವರ ಕೈಗಿಟ್ಟಳು. “ನೀನು ಬಸ್ಸು ಬಿಟ್ಟು ನಮ್ಮ ಕಾಲು ಉಳಿಸ್ದೆ ಕಣಪ್ಪಾ.”

ಟೈಮಣ್ಣನ ಮುಖ ನೋಡಿದೆ. ಮೊದಲು ಬಿಳಿಚಿಕೊಂಡಿತು. ಜನದ ಮೇಲಿಂದ ಕಣ್ಣು ಸಾಹುಕಾರರ ಕಡೆಗೆ ಹೋಯಿತು. ಆಗಲೇ ಅವರಿಗೆ ಗೊತ್ತಾಗಿತ್ತು. ನನಗೆ ಮಾತ್ರ ಇನ್ನೂ ಗೊತ್ತಿಲ್ಲ. ಬಸ್ಸು ತುಂಬಿ ಬಾಗಿಲಲ್ಲಿ ಜೋತಾಡುವಷ್ಟಾದಾಗ ಗೆದ್ದೆ ಎಂದು ಎದೆಯುಬ್ಬಿಸಿ ನಿಂತಿದ್ದೆ, ಹುಚ್ಚಿ.

ಸಾಹುಕಾರರು ಕಂಡಕ್ಟರನ್ನು ಕರೆದು, “ಬೆಳಗ್ಗೆಯಿಂದ ಎಷ್ಟು ಜನ ಬಂದರು?” ಅಂದರು.

“ಇವತ್ತು ಬೆಳಗ್ಗೆಯಿಂದ ಯಾರೂ ಇಲ್ಲ ಸೋಮಿ. ಒಂಬತ್ತು, ಅತ್ತು, ಅನ್ನೊಂದು, ಎಲ್ಲ ಖಾಲಿ. ‘ಎಂಗಿದ್ರೂ ಓಗ್ಬೇಕಲ್ಲ, ನಾಕೂವರೆಗೇ ಓಗಾನ’ ಅಂತ ಎಲ್ಲಾ ಇಲ್ಲೇ ಕುಂತವ್ರೆ.”

ಸಾಹುಕಾರರು ಟೈಮಣ್ಣನ ಬೆನ್ನು ತಟ್ಟಿದರು. ಪ್ರೀತಿಯಿಂದಲೇ ತಟ್ಟಿದರು. “ನೋಡಯ್ಯಾ, ನೀನು ಹೇಳಿದ್ದು ನಿಜ. ಜನ ಇದ್ದಾರೆ. ಆದರೆ ಎಲ್ಲರೂ ಒಂದೇ ಬಸ್ಸಿಗೆ ಬರ್ತಾರೆ. ಹಾಗಾದಮೇಲೆ ಒಂದು ಬಸ್ಸು ಸಾಕಲ್ಲ!”

ಟೈಮಣ್ಣ ಸೋರೆಕಾಯಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಏನು ಹೇಳಿಯಾರು? ಈ ಜನ ದಿನಾ ಹೀಗೆ ಬರುವವರಲ್ಲ, ಇವತ್ತು ಯಾರೋ ಕರೆದು ನಿಲ್ಲಿಸಿದ್ದಾರೆ ಎನ್ನಬೇಕಿತ್ತು. ಹೂ ಮುಡಿದು ಬಂದ ಹೆಂಗಸರ ಮುಂದೆ ಆ ಮಾತು ಅವರ ಬಾಯಲ್ಲಿ ಬರಲಿಲ್ಲ. ಆ ಮಾತನ್ನು ಹೇಳಬೇಕಾದವಳು ನಾನು. ಅಷ್ಟು ಜೋರು ಬಾಯಿಯವಳು, ಬೇಕಾದಾಗ ಮೂಗಿಯಾದೆ. ವಿನಾಯಕನ ಮಾಡಲು ಹೋಗಿ ಅವರಪ್ಪನ ಮಾಡಿದೆ.

ಬಸ್ಸಿನಲ್ಲಿ ನೂಕುನುಗ್ಗಲಲ್ಲಿ ನನ್ನ ಪಕ್ಕ ಬಂದು ನಿಂತರು. ಸೋರೆಕಾಯಿ ತಬ್ಬಿಕೊಂಡಿದ್ದರು. “ಟೀಚರಮ್ಮಾ, ಸರ್ವೀಸು ಓಯ್ತು,” ಅಂದರು ಮೆಲ್ಲಗೆ. ನಾನು ತಲೆ ತಗ್ಗಿಸಿದೆ. ಸ್ವಲ್ಪ ದೂರ ಹೋದಮೇಲೆ ಮತ್ತೆ ಅಂದರು, “ಆದ್ರೆ ಇಷ್ಟು ಜನ ಬಂದವ್ರಲ್ಲಮ್ಮಾ. ನಾನು ಯಾರ್ಗೂ ಯೋಳ್ಲಿಲ್ಲ. ಒಬ್ರಿಗೂ ಯೋಳ್ಲಿಲ್ಲ. ತಾವಾಗೇ ಬಂದವ್ರೆ, ನನಗೋಸ್ರ.” ಕಣ್ಣಲ್ಲಿ ನೀರು ತುಂಬಿತ್ತು. “ನನ್ನ ಎಂಡ್ತಿ ಸತ್ತಾಗ್ಲೂ ಇಷ್ಟು ಜನ ಬರ್ಲಿಲ್ಲ,” ಅಂದರು.

ಹೇಳಬೇಕಿತ್ತು. ಅಣ್ಣಾ, ಕರೆಸಿದವಳು ನಾನು, ನನ್ನ ಕೆಲಸಕ್ಕೋಸ್ಕರ ಕರೆಸಿದೆ ಎಂದು ಅಲ್ಲೇ ಹೇಳಬೇಕಿತ್ತು. ಆ ಮುಖ ನೋಡಿದಮೇಲೆ ಆಗಲಿಲ್ಲ. ಅವತ್ತು ಹೇಳದ್ದನ್ನು ಮತ್ತೆ ಯಾವತ್ತೂ ಹೇಳಲಿಲ್ಲ.

ಶ್ರಾವಣ ಬಂತು, ಬಸ್ಸು ಮದುವೆಗೆ ಹೋಯಿತು. ಕ್ಯಾಸಂಬಳ್ಳಿಗೆ ಸಂಜೆ ಆರಕ್ಕೆ ಒಂದು, ಬೆಳಗ್ಗೆ ಏಳಕ್ಕೆ ಒಂದು. ಅಮ್ಮ ಕೆಲಸ ಬಿಡು ಅಂದಳು. ಮೂರು ದಿನ ಅತ್ತು, ಜಗಳವಾಡಿ, ಬಿಡುವುದಿಲ್ಲ ಎಂದು ಟ್ರಂಕು ಹೊತ್ತು ಕ್ಯಾಸಂಬಳ್ಳಿಗೆ ಹೋದೆ. ಹಾಲಿನವರ ಮನೆಯ ಹಿಂದೆ ಒಂದು ಕೋಣೆ ಸಿಕ್ಕಿತು. ಕೆಲಸವೇನೋ ಉಳಿಯಿತು. ಆದರೆ ಸಾಯಂಕಾಲಗಳು! ನಾಲ್ಕೂವರೆಗೆ ಬಾಗಿಲು ಹಾಕಿದರೆ ಬೆಳಗಿನತನಕ ನನ್ನ ಹೆಸರು ಕರೆಯುವವರಿಲ್ಲ. ಎಂಟು ಗಂಟೆಗೇ ದೀಪ ಆರಿಸಿ ಕತ್ತಲೆಯಲ್ಲಿ ಕೂತಿರುತ್ತಿದ್ದೆ. ಟೈಮಣ್ಣ ರಜದ ದಿನವೂ ಸ್ಟ್ಯಾಂಡಿಗೆ ಬಂದು ಯಾಕೆ ಕೂರುತ್ತಿದ್ದರೆಂದು ಆಗ ತಿಳಿಯಿತು.

ಭಾನುವಾರ ಬೆಳಗ್ಗೆ ಏಳರ ಬಸ್ಸಿಗೆ ಹೊರಟು ಅಮ್ಮನನ್ನು ನೋಡಿ ಸಂಜೆ ವಾಪಸ್ಸಾಗುತ್ತಿದ್ದೆ. ಸ್ಟ್ಯಾಂಡಿನಲ್ಲಿ ಟೈಮಣ್ಣನ ಪಕ್ಕ ಕೂತು ಒಂದು ಕಾಫಿ. ವಾರದ ದಿನಗಳಲ್ಲಿ ಬೇರೆ ಊರುಗಳ ಬಸ್ಸಿಗೆ ಅವರು ಸೀಟಿ ಊದುತ್ತಲೇ ಇದ್ದರು. ದನಿ ಇಳಿದಿತ್ತು, ಕೆಮ್ಮು ಏರಿತ್ತು. ಒಬ್ಬೊಬ್ಬರ ಸುದ್ದಿಯನ್ನೂ ಕೇಳುತ್ತಿದ್ದರು. ಸೋರೆಕಾಯಿ ಅಜ್ಜಿ ಎಂಗವ್ಳೆ? ಟವೆಲ್ಲಿನವ್ನು? ಸೊಪ್ಪಿನೋರು ಈಗ ಏನ್ ಮಾಡ್ತಾರೆ? ನಡೀತಾರೆ ಅಣ್ಣಾ, ಅನ್ನುತ್ತಿದ್ದೆ. ಕಾಫಿ ಲೋಟ ಕೆಳಗಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ತಾವೇ ಸಮಾಧಾನ ಮಾಡಿಕೊಂಡು, “ಆದ್ರೂ ಅವತ್ತು ಬಂದ್ರಲ್ಲ,” ಅನ್ನುತ್ತಿದ್ದರು. ನಾನು ಲೋಟದೊಳಗೆ ನೋಡುತ್ತ ಹೂಂ ಅನ್ನುತ್ತಿದ್ದೆ.

ಹೀಗೇ ಎರಡು ವರ್ಷ. ಬೇಸಿಗೆ ರಜದಲ್ಲಿ ನಾನು ಬಂಗಾರಪೇಟೆಯಲ್ಲಿದ್ದೆ. ಒಂದು ಬೆಳಗ್ಗೆ ಹತ್ತರ ಸುಮಾರಿಗೆ ಅವರ ಸ್ಟ್ಯಾಂಡಿನ ಕಂಡಕ್ಟರೊಬ್ಬ ಬಾಗಿಲಿಗೆ ಬಂದು, “ಮೇಡಮ್ಮೋರೇ, ಟೈಮಣ್ಣ ಓಗ್ಬಿಟ್ರು. ಬೆಳಗ್ಗೆ ಎಂಟಕ್ಕೆ,” ಅಂದ. ಕ್ಯಾಸಂಬಳ್ಳಿಗೆ ಹಾಲಿನವನ ಕೈಲಿ ಸೈಕಲ್ಲಿನ ಮೇಲೆ ಸುದ್ದಿ ಹೇಳಿಕಳಿಸಿದ್ದೇವೆ ಅಂದ. ಮುಂದಿನ ರೈಲಿಗೆ ಹೋದೆ.

ಆ ಕೋಣೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಒಂದು ಚಾಪೆ, ಒಂದು ಒಲೆ, ಹಗ್ಗದ ಮೇಲೆ ಬಿಳಿ ಅಂಗಿ. ಸ್ಟ್ಯಾಂಡಿನಿಂದ ನಾಲ್ಕು ಜನ ಬಂದಿದ್ದರು. ಅಲ್ಲಿಗೆ ಮುಗಿಯಿತು. ಪಕ್ಕದ ಮನೆಯ ಮುದುಕಿ, ಎಲ್ಲರೂ ಪಾಟಿ ಅನ್ನುತ್ತಿದ್ದ ತಮಿಳಿನಾಕೆ, ಮೈ ತೊಳೆಸಿ ಹಣೆಗೆ ವಿಭೂತಿ ಇಟ್ಟು ತಲೆದೆಸೆಯಲ್ಲಿ ಕೂತಿದ್ದಳು. ಬಿಸಿಲು ಜೋರು, ಹೊತ್ತು ಮೀರುತ್ತಿತ್ತು. ಮೂರು ಗಂಟೆಗೆ ಗಂಡಸರು ಎತ್ತೋಣವೇ ಅಂದರು. ಪಾಟಿ ಕೈ ಅಡ್ಡ ಹಿಡಿದಳು.

“ಇರ್ರಪ್ಪಾ. ಅವ್ನ ಜನ ಬರ್ಬೇಕು.”

ಮೂರೂವರೆಗೆ ಮತ್ತೆ ಕೇಳಿದರು. ಮತ್ತೆ ತಡೆದಳು. ಗಲ್ಲಿಯ ತುದಿಗೆ ಹೋಗಿ ನೋಡಿ ಬಂದಳು. ನಾಲ್ಕಾಯಿತು. ಗಂಡಸರು ನನ್ನ ಮುಖ ನೋಡಿದರು. ಪಾಟಿ ನನ್ನ ಹತ್ತಿರ ಬಂದು ಕೂತು ನನ್ನ ಎರಡೂ ಕೈ ಹಿಡಿದುಕೊಂಡಳು.

“ಎಲ್ಲೀಮ್ಮಾ? ಎಲ್ಲಿ ಅವರೆಲ್ಲಾ? ನಾನ್ ಸತ್ರೆ ಕ್ಯಾಸಂಬಳ್ಳಿಯಿಂದ ಒಂದು ಬಸ್ಸು ಜನ ಬರ್ತಾರೆ ಪಾಟಿ, ಕರೀದೇ ಬರ್ತಾರೆ, ಅಂತ ದಿನಾ ಹೇಳ್ತಿದ್ದ. ದಿನಾ ಹೇಳ್ತಿದ್ದ. ನೀನು ಆ ಊರ ಟೀಚರ್ ತಾನೇ? ಬರ್ತಾರಾ?”

ಸುದ್ದಿ ಕ್ಯಾಸಂಬಳ್ಳಿಯವರಿಗೆ ಮಧ್ಯಾಹ್ನವೇ ಮುಟ್ಟಿತ್ತು. ನಡೆದರೆ ಹೊತ್ತಿಗೆ ಮುಟ್ಟುವುದಿಲ್ಲ, ಟೈಮಣ್ಣನಿಗಾದರೂ ಒಂದು ಬಸ್ಸು ಬಿಟ್ಟಾರು ಎಂದು ಇಪ್ಪತ್ತು ಮೂವತ್ತು ಜನ ಬಸ್ಸಿನ ಮರದ ಕೆಳಗೆ ಬಂದು, ಸಂಜೆಯತನಕ ನಿಂತು, ಮನೆಗೆ ಹೋದರಂತೆ. ಅದು ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿನಲ್ಲಿ ನನಗೆ ಗೊತ್ತಿದ್ದದ್ದು ಒಂದೇ.

“ಬಸ್ಸಿಲ್ಲ ಪಾಟಿ,” ಅಂದೆ. “ಎತ್ತಿಸಿ.”